ಹೊಸ ಡಿಸ್ಕ್ ಬಂತು, ಹಳೆಯದು ಕಾಣೆಯಾಯಿತು

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಬೆಳಿಗ್ಗೆ ಅದನ್ನು ಆನ್ ಮಾಡಿ, ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಹಾರ್ಡ್ ಡಿಸ್ಕ್ ನಿಧಾನ, ಅಷ್ಟೇ. ಉಳಿದದ್ದೆಲ್ಲ ಗಟ್ಟಿಯಾಗಿತ್ತು. ಅದಕ್ಕೆ ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್, ಹಾಕೋಣ ಎಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಎಂ.2 ಡಿಸ್ಕ್ ಒಂದನ್ನು ತಂದೆ. ನೋಡಿದರೆ ನಂಬಿಕೆಯೇ ಬರುವುದಿಲ್ಲ. ನಡುಬೆರಳಿನಷ್ಟು ಉದ್ದ, ಹೆಬ್ಬೆರಳಿನಷ್ಟು ಅಗಲದ ತೆಳು ಪಟ್ಟಿ. ತಂತಿಯೂ ಬೇಡ, ಕೇಬಲ್ಲೂ ಬೇಡ. ಮದರ್‌ಬೋರ್ಡಿನ ಸ್ಲಾಟಿಗೆ ಓರೆಯಾಗಿ ತೂರಿಸಿ, ಮೆಲ್ಲಗೆ ಒತ್ತಿ, ಒಂದು ಪುಟ್ಟ ಸ್ಕ್ರೂ ಬಿಗಿದರೆ ಮುಗಿಯಿತು.

ಬಿಗಿದೆ. ಆನ್ ಮಾಡಿದೆ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದ ಒಂದೇ ಸಾಲು: ಬೂಟ್ ಆಗುವ ಡಿಸ್ಕ್ ಸಿಗುತ್ತಿಲ್ಲ.

ನನಗೆ ಕೈಕಾಲು ತಣ್ಣಗಾಯಿತು. ಆ ಹಳೆಯ ಡಿಸ್ಕಿನಲ್ಲಿ ಅಪ್ಪನ ಅರವತ್ತರ ಶಾಂತಿಯ ಫೋಟೊಗಳಿದ್ದವು. ಮಗಳು ಮೊದಲ ದಿನ ಶಾಲೆಗೆ ಹೋದ ವಿಡಿಯೊ ಇತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಡಿಸ್ಕಿನ ಮೇಲೆ ಬೆರಳಿಟ್ಟು ನೋಡಿದೆ. ಸಣ್ಣಗೆ ಕಂಪಿಸುತ್ತಿತ್ತು. ಅಂದರೆ ಒಳಗೆ ತಿರುಗುತ್ತಿದೆ, ಕರೆಂಟ್ ಬರುತ್ತಿದೆ. ಹಾಗಿದ್ದರೆ ಯಾಕೆ ಕಾಣುತ್ತಿಲ್ಲ?

ಉತ್ತರ ಸಿಕ್ಕಿದ್ದು ಮದರ್‌ಬೋರ್ಡಿನ ಜೊತೆ ಬಂದಿದ್ದ ಕೈಪಿಡಿಯಲ್ಲಿ. ಪೋರ್ಟುಗಳ ಚಿತ್ರದ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಒಂದು ಮಾತು: ಎಂ.2 ಸ್ಲಾಟಿನಲ್ಲಿ ಸಾಟಾ ಜಾತಿಯ ಡಿಸ್ಕ್ ಹಾಕಿದರೆ ಒಂದನೇ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ. ಸಾಟಾ ಅಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಒಂದು ಹಳೆಯ ಬಗೆ. ನಾನು ತಂದದ್ದು ಅದೇ ಜಾತಿಯದು, ನನ್ನ ಹಳೆಯ ಡಿಸ್ಕ್ ಇದ್ದದ್ದು ಅದೇ ಒಂದನೇ ಪೋರ್ಟಿನಲ್ಲಿ! ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕೇಬಲನ್ನು ಮೂರನೇ ಪೋರ್ಟಿಗೆ ಬದಲಾಯಿಸಿದೆ. ಮತ್ತೆ ಆನ್ ಮಾಡಿದಾಗ ವಿಂಡೋಸ್ ಬಂತು, ಫೋಟೊಗಳೂ ಬಂದವು. ಆ ಕ್ಷಣದ ಸಮಾಧಾನ ಈಗಲೂ ನೆನಪಿದೆ.

ಹೀಗೇಕಾಗುತ್ತದೆ ಅಂದರೆ, ಬೋರ್ಡಿನಲ್ಲಿ ಡೇಟಾ ಓಡಾಡುವ ದಾರಿಗಳು ಲೆಕ್ಕಕ್ಕೆ ಸಿಕ್ಕಷ್ಟೇ ಇರುತ್ತವೆ. ತಯಾರಕರು ಒಂದೇ ದಾರಿಯನ್ನು ಎರಡು ಕಡೆಗೆ ಜೋಡಿಸಿರುತ್ತಾರೆ. ಒಂದು ಕಡೆ ಡಿಸ್ಕ್ ಕೂತರೆ ಇನ್ನೊಂದು ಕಡೆ ಬಂದ್. ಯಾವ ಪೋರ್ಟ್ ಬಂದ್ ಆಗುತ್ತದೆ ಅನ್ನುವುದು ಬೋರ್ಡಿನಿಂದ ಬೋರ್ಡಿಗೆ ಬೇರೆ. ಕೈಪಿಡಿ ಕಳೆದುಹೋಗಿದ್ದರೆ ಬೋರ್ಡಿನ ಮೇಲೆ ಅಚ್ಚಾದ ಮಾದರಿಯ ಹೆಸರನ್ನು ನೋಡಿಕೊಂಡು ತಯಾರಕರ ಜಾಲತಾಣದಿಂದ ಇಳಿಸಿಕೊಳ್ಳಬಹುದು.

ಡಿಸ್ಕ್ ಕಾಣದಿದ್ದಾಗ ಅದು ಸತ್ತೇಹೋಯಿತು ಎಂದು ನಾವು ಬೇಗ ತೀರ್ಮಾನಿಸಿಬಿಡುತ್ತೇವೆ, ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಬಯೋಸ್, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ ಪರದೆ, ಅದರೊಳಗೆ ಹೋಗಿ ನೋಡಿ. ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ ಹೆಚ್ಚಿನ ಯಂತ್ರಗಳಲ್ಲಿ ಅದು ತೆರೆಯುತ್ತದೆ. ಅಲ್ಲಿ ಡಿಸ್ಕುಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲೇ ಹೆಸರಿಲ್ಲ ಅಂದರೆ ತೊಂದರೆ ಕೇಬಲ್, ಪೋರ್ಟ್ ಅಥವಾ ಸ್ಲಾಟಿನಲ್ಲಿ ಇರುವುದೇ ಜಾಸ್ತಿ. ಪಟ್ಟಿಯಲ್ಲಿ ಹೆಸರಿದೆ, ವಿಂಡೋಸಿನಲ್ಲಿ ಮಾತ್ರ ಇಲ್ಲ ಅಂದರೆ ಸ್ಕ್ರೂಡ್ರೈವರ್ ಕೆಳಗಿಡಿ. ಅದು ಸಾಫ್ಟ್‌ವೇರಿನ ವಿಷಯ.

ಹೊಸ ಡಿಸ್ಕಿನ ಮಟ್ಟಿಗೆ ಈ ಎರಡನೆಯದು ತೀರಾ ಸಾಮಾನ್ಯ. ಹೊಸದರಲ್ಲಿ ಇನ್ನೂ ಯಾವ ವಿಭಾಗವೂ ಇರುವುದಿಲ್ಲ, ಹಾಗಾಗಿ ಅದಕ್ಕೆ ಡಿ ಅಥವಾ ಇ ಎಂಬ ಅಕ್ಷರವೂ ಇರುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಇನಿಷಿಯಲೈಸ್ ಮಾಡಲೇ, ಅಂದರೆ ಡಿಸ್ಕನ್ನು ಬಳಕೆಗೆ ಸಜ್ಜು ಮಾಡಲೇ ಎಂದು ಅದು ಕೇಳುತ್ತದೆ. ಡಿಸ್ಕಿನ ಜಾಗವನ್ನು ಹಂಚುವ ಹೊಸ ಪದ್ಧತಿಯಾದ ಜಿಪಿಟಿ ಆರಿಸಿ ಒಪ್ಪಿಕೊಳ್ಳಿ. ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ಸುಮಾರು 2 ಟಿಬಿಗಿಂತ ಆಚೆಗಿನ ಜಾಗ ಸಾಮಾನ್ಯವಾಗಿ ಬಳಕೆಗೆ ಸಿಗುವುದಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇದೇ ಪ್ರಶ್ನೆಯನ್ನು ಅದು ನಿಮ್ಮ ಹಳೆಯ, ಫೋಟೊ ತುಂಬಿದ ಡಿಸ್ಕಿನ ಬಗ್ಗೆ ಕೇಳಿದರೆ ಒಪ್ಪಬೇಡಿ. ಫಾರ್ಮ್ಯಾಟ್ ಮಾಡಲೇ ಅಂದರೂ ಬೇಡ ಅನ್ನಿ. ಕೇಬಲ್ ಬದಲಾಯಿಸಿ, ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ, ತಿಳಿದವರನ್ನು ಕೇಳಿ.

ಇನ್ನು ಕೊಳ್ಳುವಾಗಿನ ವಿಷಯ. ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಎರಡು ಜಾತಿ ಬರುತ್ತವೆ, ಸಾಟಾ ಮತ್ತು ಎನ್‌ವಿಎಂಇ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎನ್‌ವಿಎಂಇಯಲ್ಲಿ ಮೂರನೇ ತಲೆಮಾರಿನದೇ 3,500 ಎಂಬಿವರೆಗೆ ಹೋಗುತ್ತದೆ. ಕೆಲವು ಸ್ಲಾಟುಗಳು ಎರಡನ್ನೂ ಒಪ್ಪುತ್ತವೆ, ಕೆಲವು ಒಂದನ್ನು ಮಾತ್ರ. ತಪ್ಪು ಜಾತಿಯದು ಎಷ್ಟೋ ಸಲ ಸಲೀಸಾಗಿ ಒಳಗೆ ಕೂರುತ್ತದೆ, ಆದರೆ ಬಯೋಸಿನಲ್ಲಿ ಕಾಣುವುದೇ ಇಲ್ಲ. ಡಿಸ್ಕಿನ ಚಿನ್ನದ ಬಣ್ಣದ ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಇದಕ್ಕೂ ಅಪವಾದಗಳಿವೆ. ಅದಕ್ಕೇ ಲೇಬಲ್ ಓದಿ. ಉದ್ದವನ್ನೂ ನೋಡಿ. 2280 ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಕೆಲವು ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಅಂಗಡಿಗೆ ಹೋಗುವ ಮೊದಲು ನಿಮ್ಮ ಬೋರ್ಡಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಹೊಸ ಡಿಸ್ಕಿಗೆ ವಿಂಡೋಸ್ ಹಾಕುವಾಗ ಹಳೆಯದರ ಕೇಬಲ್ ಕಿತ್ತಿಡಿ. ಎರಡೂ ಜೊತೆಗಿದ್ದರೆ ವಿಂಡೋಸ್ ಹೊಸದರಲ್ಲಿ ಕೂತರೂ, ಅದನ್ನು ಎಬ್ಬಿಸುವ ಸಣ್ಣ ಬೂಟ್ ಭಾಗ ಹಳೆಯದರಲ್ಲೇ ಉಳಿದುಬಿಡಬಹುದು. ಮುಂದೊಂದು ದಿನ ಹಳೆಯದನ್ನು ತೆಗೆದರೆ ಹೊಸದೂ ಏಳುವುದಿಲ್ಲ.

11ನೇ ತಲೆಮಾರು ಮತ್ತು ಅದರ ನಂತರದ ಇಂಟೆಲ್ ಯಂತ್ರಗಳಲ್ಲಿ ಇನ್ನೊಂದು ತೊಡಕು ಎದುರಾಗಬಹುದು. ವಿಂಡೋಸ್ ಹಾಕಲು ಹೋದರೆ ಡಿಸ್ಕುಗಳ ಪಟ್ಟಿ ಖಾಲಿ. ಬಯೋಸಿನಲ್ಲಿ ಡಿಸ್ಕುಗಳನ್ನು ನಿಭಾಯಿಸುವ ವಿಎಂಡಿ ಎಂಬ ವ್ಯವಸ್ಥೆ ಆನ್ ಆಗಿರುವುದು ಇದಕ್ಕೆ ಹೆಚ್ಚಾಗಿ ಕಾರಣ ಆಗಿರುತ್ತದೆ. ಇಂಟೆಲ್‌ನ ಡ್ರೈವರನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಆ ಪರದೆಯಲ್ಲೇ ಲೋಡ್ ಡ್ರೈವರ್ ಒತ್ತಿ ಕೊಟ್ಟರೆ ಡಿಸ್ಕ್ ಕಾಣುತ್ತದೆ. ವಿಂಡೋಸ್ ಈಗಾಗಲೇ ಇರುವ ಯಂತ್ರದಲ್ಲಿ ಸುಮ್ನೆ ವಿಎಂಡಿ ಆಫ್ ಮಾಡಲು ಹೋಗಬೇಡಿ, ನೀಲಿ ಪರದೆ ಬರಬಹುದು. ಬಂದರೂ ಗಾಬರಿ ಬೇಡ. ವಿಎಂಡಿಯನ್ನು ಮತ್ತೆ ಆನ್ ಮಾಡಿದರೆ ಯಂತ್ರ ಸಾಮಾನ್ಯವಾಗಿ ಮೊದಲಿನಂತೆಯೇ ಏಳುತ್ತದೆ. ಬಯೋಸ್ ಮುಟ್ಟುವ ಮೊದಲು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ, ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಯ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನಮ್ಮ ಮನೆಯ ಕಂಪ್ಯೂಟರ್ ಈಗ ಕಾಫಿ ಪುಡಿಯ ಡಬ್ಬ ತೆರೆಯುವಷ್ಟರಲ್ಲಿ ಏಳುತ್ತದೆ. ಅಪ್ಪನ ಫೋಟೊಗಳು ಹೊಸ ಡಿಸ್ಕಿನಲ್ಲೂ ಇವೆ, ತಂಗಿಯ ಮನೆಯ ಬೀರುವಿನಲ್ಲಿಟ್ಟ ಇನ್ನೊಂದು ಡಿಸ್ಕಿನಲ್ಲೂ ಇವೆ. ಬೋರ್ಡಿನ ಒಂದನೇ ಸಾಟಾ ಪೋರ್ಟಿನ ಬಾಯಿಗೆ ಒಂದು ಚೂರು ಬಿಳಿ ಟೇಪ್ ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ "ಇಲ್ಲಿ ಬೇಡ" ಎಂದು ಬರೆದಿದ್ದೇನೆ.

ನಮಸ್ಕಾರ.