ಕರೆಂಟ್ ಬಿಲ್ಲಿಗೆ ಕಾಣಿಕೆ ಕೊಡುವವರು ಯಾರು?

ಕೇಳುಗರಿಗೆ ನಮಸ್ಕಾರ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಹುಬ್ಬಳ್ಳಿಗೆ 1839ರಲ್ಲಿ, ಗದಗಿನ ಬೆಟಗೇರಿಗೆ 1841ರಲ್ಲಿ. ಅವರ ಶಾಲೆ, ದೇವಾಲಯಗಳ ಬೆನ್ನಿಗೆ ಯುರೋಪಿನ ಕುಬೇರರೇ ನಿಂತಿದ್ದರೆಂದು ನಂಬುವವರು ಇಂದಿಗೂ ಇದ್ದಾರೆ. ಸಾಹುಕಾರರ ದೇಣಿಗೆ ಇತ್ತು, ನಿಜ. ಆದರೆ 1855ರಲ್ಲಿ ಬಾಸೆಲ್ ನಗರದ ಕಾರ್ಲ್ ಸರಾಸಿನ್ ಅವರು ಇನ್ನೊಂದು ದಾರಿ ಹಿಡಿದರು: ಪ್ರತಿಯೊಬ್ಬರೂ ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಅಲ್ಲಿನ ಒಂದು ಸಣ್ಣ ನಾಣ್ಯ, ಕೊಡುವುದು. ಬಡವರ ಜೇಬಿಗೂ ಭಾರವಾಗದ ಚಿಲ್ಲರೆ ಅದು. ವಾರ ತಪ್ಪದೆ ಬಂದ ಆ ಚಿಲ್ಲರೆಯೇ ಮಿಷನ್ನಿನ ಪ್ರಮುಖ ಆದಾಯಗಳಲ್ಲಿ ಒಂದಾಯಿತು.

ನಮ್ಮ ಕ್ರೈಸ್ತ ಸಭೆಗಳಲ್ಲಿ ಈಗ ಸಡಿಲವಾಗುತ್ತಿರುವುದು ವಾರವಾರವೂ ಕೊಡುವ ಈ ರೂಢಿಯೇ ಎಂದು ನನಗೆ ತೋರುತ್ತದೆ. ಕೊಡುವ ಮನಸ್ಸೇನೂ ಬತ್ತಿಲ್ಲ. ಬೆಂಗಳೂರು, ದುಬೈ ಸೇರಿದ ಮಕ್ಕಳು ಮೊಬೈಲಿನಲ್ಲೇ ಸಾವಿರಗಟ್ಟಲೆ ಕಳಿಸುತ್ತಾರೆ. ಆದರೆ ಆ ಹಣ ಧ್ವನಿವರ್ಧಕಕ್ಕೆ, ಗೇಟಿಗೆ, ತಂದೆಯ ಹೆಸರು ಕೆತ್ತಿದ ಬೆಂಚಿಗೆ ಎಂದು ಮೊದಲೇ ಮೀಸಲಾಗಿ ಬರುತ್ತದೆ. ಕರೆಂಟ್ ಬಿಲ್ಲಿಗೆಂದು ಕಳಿಸಿದವರನ್ನು ನಾನು ಕಂಡಿಲ್ಲ. ಬಿಲ್ಲಿನ ಮೇಲೆ ಹೆಸರು ಕೆತ್ತಲು ಬರುವುದಿಲ್ಲವಲ್ಲ! ಆ ಖರ್ಚನ್ನೂ ಸಭಾಪಾಲಕರ ಸಂಬಳವನ್ನೂ ಭಾನುವಾರದ ಕಾಣಿಕೆ ಚೀಲವೇ ಹೊರಬೇಕು. ಚೀಲ ಎದುರಿಗೆ ಬಂದಾಗ ಎಷ್ಟೋ ಜನರ ಜೇಬಿನಲ್ಲಿ ನೋಟೇ ಇರುವುದಿಲ್ಲ.

ಹೊರದೇಶದ ಹಣದ ಬಗ್ಗೆ ಖಜಾಂಚಿಗಳು ಎಚ್ಚರದಿಂದಿರಬೇಕು. ಭಾರತದ ಪೌರತ್ವ ಉಳಿಸಿಕೊಂಡ ಮಗ ದುಬೈಯಿಂದ ತನ್ನ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಾಗುವುದಿಲ್ಲ. ಅಮೆರಿಕದ ಪೌರಳಾದ ಮಗಳು ಕಳಿಸಿದರೆ ಆಗುತ್ತದೆ. ಅದಕ್ಕೆ ಕೇಂದ್ರ ಸರ್ಕಾರದ ನೋಂದಣಿಯೋ ಪೂರ್ವಾನುಮತಿಯೋ ಬೇಕು. ವಿದೇಶಿ ವಂತಿಗೆ ಕಾಯ್ದೆಗೆ ಆದ 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅಣ್ಣ ತಂಗಿ ಒಂದೇ ಮನೆಯವರು, ಲೆಕ್ಕ ಮಾತ್ರ ಬೇರೆ ಬೇರೆ.

ನನಗೆ ಇಂದಿಗೂ ಹಿಡಿಸುವುದು ಸುಗ್ಗಿ ಹಬ್ಬದ ಲಿಲಾವು. ಒಬ್ಬರು ಜೋಳ ತರುತ್ತಾರೆ, ಒಬ್ಬರು ಬ್ಯಾಡಗಿ ಮೆಣಸಿನಕಾಯಿ, ಹೊಲವಿಲ್ಲದವರು ನಾಲ್ಕು ಮೊಟ್ಟೆ. ಒಂದು ಕುಂಬಳಕಾಯಿಗೆ ಹಟ ಹಿಡಿದು ಕೂಗುವ ಹಿರಿಯರನ್ನು ನೋಡಲೆಂದೇ ಹೋಗಬೇಕು! ಆ ಹಣಕ್ಕೆ ಯಾರ ಹೆಸರೂ ಅಂಟುವುದಿಲ್ಲವಾದ್ದರಿಂದ ಯಾವ ಖರ್ಚಿಗೂ ಒದಗುತ್ತದೆ.

ಸುಗ್ಗಿ ವರ್ಷಕ್ಕೊಮ್ಮೆ, ಬಿಲ್ಲು ಪ್ರತಿ ತಿಂಗಳು. ಸಿನಿಮಾ ನೋಡುವ ಚಂದಾ ಖಾತೆಯಿಂದ ತಾನಾಗಿ ಕಡಿತವಾಗಲು ಒಪ್ಪಿದವರು ಸಭೆಗೂ ತಿಂಗಳಿಗೆ ನೂರು ರೂಪಾಯಿ ಹಾಗೆಯೇ ಕೊಡಬಹುದು. ಅದಕ್ಕೆ ಖಜಾಂಚಿಗಳು ಸಂಕೋಚ ಬಿಟ್ಟು ಕೇಳಬೇಕು. ಪ್ರತಿ ತಿಂಗಳ ಲೆಕ್ಕವನ್ನು ಬಾಗಿಲ ಬಳಿಯ ಫಲಕಕ್ಕೆ ಹಚ್ಚಲೂಬೇಕು.