ರೈಲು ಬಂತು, ಊರಿನ ಗಡಿಯಾರ ಸೋತಿತು

[ತೆರೆಯ ಮೇಲೆ: ಹಳೇ ಗಡಿಯಾರ, ನಿಧಾನವಾಗಿ ಹತ್ತಿರಕ್ಕೆ]

ಈ ಗಡಿಯಾರದ ಮುಳ್ಳು ಎಣಿಸಿ. ಗಂಟೆಗೆ ಒಂದು, ನಿಮಿಷಕ್ಕೆ ಎರಡು! ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಕಾರ್ನ್ ಸ್ಟ್ರೀಟಿನ ಎಕ್ಸ್‌ಚೇಂಜ್ ಕಟ್ಟಡದ ಮೇಲೆ ಇವತ್ತಿಗೂ ಇದೆ. ಒಂದು ಮುಳ್ಳು ಊರಿನ ಟೈಮಿಗೆ, ಇನ್ನೊಂದು ಲಂಡನ್ ಟೈಮಿಗೆ. ನಡುವೆ 10 ನಿಮಿಷ.

ಆಗೆಲ್ಲ ಊರೂರಿಗೂ ಅದರದ್ದೇ ಟೈಮು. ಸೂರ್ಯ ಪೂರ್ತಿ ಮೇಲೇರಿದಾಗ ಆ ಊರಿಗೆ ಮಧ್ಯಾಹ್ನ 12. ಪಶ್ಚಿಮಕ್ಕೆ ಹೋದಷ್ಟೂ ಇದು ತಡ, ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ. ಕುದುರೆ ಗಾಡಿಯಲ್ಲಿ ಹೋಗೋರಿಗೆ ಹತ್ತು ನಿಮಿಷ ಯಾವ ಲೆಕ್ಕ? ಆದರೆ ಒಂದೇ ಹಳಿ ಮೇಲೆ ಎದುರುಬದುರು ಬರುವ ರೈಲುಗಳಿಗೆ ಬೇರೆ ಬೇರೆ ಗಡಿಯಾರ ಇದ್ದರೆ? ಊಹಿಸೋದೂ ಬೇಡ.

1840ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ಲಂಡನ್ ಟೈಮನ್ನೇ ಹಿಡಿಯಿತು. ಊರಿನ ಗಡಿಯಾರ ನಂಬಿ 12ರ ರೈಲಿಗೆ ಸರಿಯಾಗಿ 12ಕ್ಕೆ ಬಂದ ಬ್ರಿಸ್ಟಲ್‌ನವನಿಗೆ ರೈಲು ಹೋಗಿ ಆಗಲೇ 10 ನಿಮಿಷ! ಅದಕ್ಕೇ ಆ ಎರಡನೇ ಮುಳ್ಳು.

[ನಕ್ಷೆ: ಬಾಂಬೆ, ಮದ್ರಾಸ್, ಕಲ್ಕತ್ತಾ]

ನಮ್ಮಲ್ಲಿ ಎಳೆದಾಟ ಇನ್ನೂ ಜೋರು. ಬಾಂಬೆಗೂ ಕಲ್ಕತ್ತಾಗೂ ಒಂದು ಗಂಟೆಗಿಂತ ಜಾಸ್ತಿ ವ್ಯತ್ಯಾಸ. ರೈಲ್ವೆಯವರು ಹೆಚ್ಚುಕಡಿಮೆ ನಡುವೆ ಬರುವ ಮದ್ರಾಸ್ ಟೈಮನ್ನು ಆರಿಸಿಕೊಂಡರು. ನಮ್ಮ ಬೆಂಗಳೂರು ದಂಡಿಗೆ ಜೋಲಾರಪೇಟೆ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಸೂರ್ಯನನ್ನು ಕೇಳಿದರೆ ಬೆಂಗಳೂರು ಮದ್ರಾಸಿಗಿಂತ ಸುಮಾರು 11 ನಿಮಿಷ ಹಿಂದೆ. ಅಂದರೆ ಹೆಚ್ಚುಕಡಿಮೆ ಬ್ರಿಸ್ಟಲ್ ಕಥೆಯೇ, ಅಲ್ವಾ?

1906ರ ಜನವರಿ 1ಕ್ಕೆ ಇಡೀ ದೇಶಕ್ಕೆ ಒಂದೇ ಟೈಮು ಬಂತು, ಇವತ್ತು ನಮ್ಮ ಫೋನಿನಲ್ಲಿ ಇರೋದೂ ಅದೇ. ಆದರೆ ಬಾಂಬೆ ಜಪ್ಪಯ್ಯ ಅನ್ನಲಿಲ್ಲ. ಅಲ್ಲಿಯ ಟೈಮಿಗಿಂತ ಇದು 39 ನಿಮಿಷ ಮುಂದೆ. ಗಿರಣಿ ಶಿಫ್ಟು ಹೊಸ ಗಡಿಯಾರದ ಪ್ರಕಾರ ಶುರುವಾದರೆ ಕೂಲಿಯವನು ಅಷ್ಟು ಬೇಗ, ಕತ್ತಲಲ್ಲೇ ಏಳಬೇಕು. ಗಿರಣಿ ಕೆಲಸಗಾರರು ಬೀದಿಗಿಳಿದರು. ಸುಮ್ನೆ ಹಟ ಅಂತ ತಳ್ಳಿಹಾಕೋಕೆ ನನಗಂತೂ ಮನಸ್ಸಿಲ್ಲ: ನಿದ್ದೆ ಅವರದ್ದು, ಗಡಿಯಾರ ಸರ್ಕಾರದ್ದು.

ತಮಾಷೆ ಅಂದರೆ, 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟಿದ್ದು ಇದೇ ಊರಿನ ಬೋರಿಬಂದರಿನಿಂದ. ಅಂಥ ಬಾಂಬೆ ತನ್ನ ಟೈಮನ್ನು ಬಿಟ್ಟುಕೊಟ್ಟಿದ್ದು 1955ರಲ್ಲಿ, ಬ್ರಿಟಿಷರು ಹೋಗಿ ಎಂಟು ವರ್ಷದ ಮೇಲೆ.