ಕ್ಷಿಪಣಿಗೆ ತೆಳು ರೆಕ್ಕೆಯೇ ಏಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಯಲಹಂಕದ ವೈಮಾನಿಕ ಪ್ರದರ್ಶನ ನೋಡಿ ಬಂದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಕ್ಷಿಪಣಿಯ ರೆಕ್ಕೆ ಯಾಕೆ ಅಷ್ಟು ತೆಳು? ಪ್ರಯಾಣಿಕರ ವಿಮಾನದ ರೆಕ್ಕೆಯ ಮುಂದಂಚು ದಪ್ಪಗೆ, ದುಂಡಗೆ ಇರುತ್ತದಲ್ಲ, ಅಂಥದ್ದನ್ನೇ ಇದಕ್ಕೂ ಕೂರಿಸಿದರೆ ಆಗದೇ? ಆಗದು. ಶಬ್ದವನ್ನು ಮೀರಿ ಹೋಗುವುದಕ್ಕೆ ರೆಕ್ಕೆ ತೆಳ್ಳಗಿರಬೇಕು, ಅಂಚು ಹರಿತವಿರಬೇಕು.

ವಿಮಾನ ನಿಧಾನವಾಗಿ ಬರುವಾಗ ಅದರ ಸುದ್ದಿ ಮುಂದಿನ ಗಾಳಿಗೆ ಮೊದಲೇ ಮುಟ್ಟುತ್ತದೆ. ಗಾಳಿ ಸರಿದು ದಾರಿ ಬಿಡುತ್ತದೆ. ಈ ಸುದ್ದಿ ಹೋಗುವುದು ಶಬ್ದದ ವೇಗದಲ್ಲಿ, ಸೆಕೆಂಡಿಗೆ ಸುಮಾರು 340 ಮೀಟರ್. ಕ್ಷಿಪಣಿ ಅದರ ಎರಡು ಪಟ್ಟು ವೇಗದಲ್ಲಿ ನುಗ್ಗಿದರೆ? ಸುದ್ದಿಗಿಂತ ಮೊದಲು ಅದೇ ಬಂದುಬಿಡುತ್ತದೆ. ಸರಿಯಲು ಪುರುಸೊತ್ತಿಲ್ಲದ ಗಾಳಿ ಒಮ್ಮೆಲೇ ಒತ್ತಿಕೊಂಡು ಆಘಾತ ತರಂಗ ಏಳುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ವಿದ್ಯಾರ್ಥಿಯಾಗಿದ್ದಾಗ, ಒಂದು ಪುಟ್ಟ ಗಾಳಿ ಸುರಂಗದಲ್ಲಿ, ಎಂದರೆ ಮಾದರಿಯ ಮೇಲೆ ಗಾಳಿ ಹಾಯಿಸಿ ನೋಡುವ ಕೊಳವೆಯಲ್ಲಿ. ತೊಟ್ಟಿಯಲ್ಲಿ ತುಂಬಿಟ್ಟ ಗಾಳಿಯನ್ನು ಒಮ್ಮೆ ಬಿಟ್ಟರೆ ಕೆಲವೇ ಸೆಕೆಂಡು ಭೋರೆನ್ನುತ್ತದೆ, ಅಷ್ಟರೊಳಗೆ ನೋಡಿ ಮುಗಿಸಬೇಕು. ಬೆರಳುದ್ದದ ಉಕ್ಕಿನ ರೆಕ್ಕೆ ಕೂರಿಸಿದ್ದೆ. ಪರದೆಯ ಮೇಲೆ ಆಘಾತ ತರಂಗದ ನೆರಳಾಗಿ ಅಂಚಿನಿಂದ ಎರಡು ನೇರ ಗೆರೆ ಹೊರಡಬೇಕಿತ್ತು. ಬಂದದ್ದು ಅಂಚಿಗೆ ತಾಗದೆ ಮುಂದೆ ನಿಂತ, ಬಿಲ್ಲಿನಂತೆ ಬಾಗಿದ ದಪ್ಪ ಕಪ್ಪು ಗೆರೆ! ಗಾಳಿಯೊತ್ತಡ ಸರಿಯಿತ್ತು, ಕೋನವೂ ಸರಿಯಿತ್ತು. ಮಧ್ಯಾಹ್ನವೆಲ್ಲ ತಲೆ ಕೆಡಿಸಿಕೊಂಡೆ. ಕೊನೆಗೆ ವರ್ಕ್‌ಶಾಪಿನ ಹಿರಿಯ ಫಿಟ್ಟರ್ ಹೇಳಿದರು, ‘ಕೈ ಕುಯ್ಕೊಂಡೀಯ ಅಂತ ಅಂಚನ್ನ ಚೂರು ಸವರಿದ್ದೆ ಕಣಪ್ಪ.’ ಅಷ್ಟೇ! ಬೆರಳಿಗೆ ಗೊತ್ತಾಗದಷ್ಟು ದುಂಡಗಾಗಿತ್ತು, ಗಾಳಿಗೆ ಗೊತ್ತಾಗಿತ್ತು. ಅವರೇ ಮತ್ತೆ ಅರ ಹಿಡಿದು ಉಜ್ಜಿಕೊಟ್ಟರು. ಮರುದಿನ ಅಂಚಿನಿಂದಲೇ ಎರಡು ಸಪೂರ ಗೆರೆ, ದಾರ ಎಳೆದಂತೆ ನೆಟ್ಟಗೆ.

ಆ ಬಾಗಿದ ಗೆರೆ ಎಂದರೆ ಎಳೆತ, ಗಾಳಿ ಹಿಂದಕ್ಕೆ ಜಗ್ಗುವ ಬಲ, ಎಂದರೆ ಸುಮ್ಮನೆ ಸುಟ್ಟ ಇಂಧನ. ರೆಕ್ಕೆಯ ಅಗಲ ಹಾಗೇ ಇಟ್ಟು ದಪ್ಪವನ್ನು ಅರ್ಧ ಮಾಡಿ. ದಪ್ಪದಿಂದ ಹುಟ್ಟುವ ಅಲೆಯ ಎಳೆತ ಕಾಲುಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ತೆಳ್ಳಗಿರಬೇಕು.

ತ್ರಿಕೋನ ರೆಕ್ಕೆಯ ಮಾತು ಬಾಕಿಯಿದೆ, ಸಮಯ ಕಡಿಮೆ. ಶಬ್ದದ ಎರಡು ಪಟ್ಟು ವೇಗದಲ್ಲಿ ಅಲೆ ಹಾರುವ ದಾರಿಗೆ 30 ಡಿಗ್ರಿ ಕೋನದಲ್ಲಿ ಹಿಂದಕ್ಕೆ ವಾಲುತ್ತದೆ. ತ್ರಿಕೋನ ರೆಕ್ಕೆಯಂತೆ ಅದಕ್ಕಿಂತಲೂ ಹಿಂದೆ ವಾಲಿದ ಅಂಚಿಗೆ ಗಾಳಿಯ ಏಟು ನೇರವಾಗಿ ಬೀಳುವುದಿಲ್ಲ. ಜರ್ಮನಿಯ ವಿಜ್ಞಾನಿ ಬುಸೆಮಾನ್ 1935ರಲ್ಲೇ ರೋಮ್‌ನ ಸಮ್ಮೇಳನದಲ್ಲಿ ಹಿಂದಕ್ಕೆ ವಾಲಿದ ರೆಕ್ಕೆಯ ಬಗ್ಗೆ ಹೇಳಿದ್ದರು.

ಮುಂದಿನ ಸಲ ಯಲಹಂಕಕ್ಕೆ ಹೋದಾಗ ಕ್ಷಿಪಣಿಯ ಮೂತಿಯ ಮುಂದೆ ಫೋಟೊ ತೆಗೆಸಿಕೊಂಡು ಬಂದುಬಿಡಬೇಡಿ. ಪಕ್ಕಕ್ಕೆ ಬನ್ನಿ, ಬಗ್ಗಿ, ರೆಕ್ಕೆಯ ಅಂಚನ್ನು ನೋಡಿ. ನಮಸ್ಕಾರ.